ಕಿಟಕಿ ಪಕ್ಕದ ಜಾಗ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ಹೊಟ್ಟೆಗೆ ಹಾಕಿಕೊಂಡು ಓದು. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಮಗು ಈಗಲಾದರೂ ನಿದ್ದೆ ಮಾಡುತ್ತದೆಯೇ? ಭಾವ ರಾತ್ರಿ ಪಾಳಿಗೆ ಹೋದರೆ ನೀನೊಬ್ಬಳೇ ಎಂದು ಗೊತ್ತು. ಇನ್ನೊಮ್ಮೆ ಬಂದು ಹದಿನೈದು ದಿನ ಇರು ಎಂದಿದ್ದೀಯ. ನನಗೆ ಅಂಗಡಿ ಬಿಟ್ಟು ಬರಲು ಭಯ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಮಾಸ್ಟರ್ ಮಾಡಿಟ್ಟ ಒಂದು ಪದ್ಧತಿ ಇದೆ. ರಜೆ ಬೇಕಾದವರು ತಮ್ಮ ಬದಲಿಗೆ ಒಬ್ಬರನ್ನು ತಾವೇ ಹುಡುಕಿ, ಕೆಲಸ ಕಲಿಸಿ, ಕೂರಿಸಿ ಹೋಗಬೇಕು. ನಿನ್ನ ಹೆರಿಗೆಗೆ ಬರುವಾಗ ಪಕ್ಕದ ಕೋಣೆಯ ಎಡಚಿಯನ್ನು ಕೂರಿಸಿದ್ದೆ. ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾಳೆ, ಅದಕ್ಕೇ ಆ ಹೆಸರು. ಬೇಕೆಂದೇ ಅವಳನ್ನು ಆರಿಸಿದೆ, ಅಕ್ಕ. ಎಡಗೈಯವಳ ಕಾಜಾ ಸೊಟ್ಟಗಾಗುತ್ತದೆ, ಗುಂಡಿ ತೂರುವುದಿಲ್ಲ, ಮಾಸ್ಟರ್ ನನ್ನ ದಾರಿ ಕಾಯುತ್ತಾರೆ ಎಂದುಕೊಂಡಿದ್ದೆ.

ತಿರುಗಿ ಬಂದರೆ ಅವಳು ಕಿಟಕಿ ಪಕ್ಕ, ಮಾಸ್ಟರ್ ಎಡಕ್ಕೆ, ನನ್ನ ಜಾಗದಲ್ಲೇ ಕೂತಿದ್ದಳು. ಅವಳ ಕಾಜಾಗಳಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

"ಬಂದ್ಯಾ? ಭಲೇ ಹುಡುಗೀನ ಬಿಟ್ಟು ಹೋದೆ ಕಣಮ್ಮ," ಎಂದರು ಮಾಸ್ಟರ್. "ನಂದು ಬಲಗೈ, ಇವಳದು ಎಡಗೈ. ಒಂದೇ ಬೆಳಕಲ್ಲಿ ಇಬ್ರೂ ಕೂತ್ರೂ ಮೊಣಕೈ ತಾಗಲ್ಲ ನೋಡು!"

ಇಸ್ತ್ರಿ ಮಾಡುವ ಅಣ್ಣ ನಕ್ಕ. "ಕುರಿ ಕಾಯೋಕೆ ತೋಳನ್ನ ಇಟ್ಟು ಹೋದ್ಯಲ್ಲೇ!"

"ಅಕ್ಕಾ, ಬನ್ನಿ, ನೀವು ಕೂತ್ಕೊಳ್ಳಿ. ಎಲ್ಲಾ ನೀವು ಕಲಿಸಿದ್ದೇ ಅಲ್ವಾ?" ಎಂದು ಎಡಚಿ ಎದ್ದು ನಿಂತಳು. ಅವಳು ಒಳ್ಳೆಯವಳಾಗಿರುವುದೇ ನನಗೆ ಇನ್ನೂ ಉರಿ.

"ಇರ್ಲಿ ಬಿಡು, ನಂಗೆ ಎಲ್ಲಾದ್ರೂ ಆಗತ್ತೆ," ಎಂದೆ. ಬಾಯಿ ಸತ್ತವಳು ನಾನು, ನಿನಗೆ ಗೊತ್ತಲ್ಲ. ಈಗ ಬಾಗಿಲ ಹತ್ತಿರ ಕೂತು ಗುಂಡಿ ಹೊಲಿಯುತ್ತೇನೆ. ಕಣ್ಣು ಮಾತ್ರ ಅವಳ ಕೈ ಮೇಲೆ. ಒಂದು ಸಲವಾದರೂ ಸೂಜಿ ಚುಚ್ಚಿಕೊಳ್ಳಬಾರದೇ ಅನ್ನಿಸುತ್ತದೆ.

ನಿನ್ನೆ ನಿನಗಾಗಿ ರಜೆ ಕೇಳಿದೆ. ಬೇಡ ಅನ್ನಲಿ ಎಂದೇ ಕೇಳಿದೆ. ಮಾಸ್ಟರ್ ತಲೆ ಎತ್ತಲಿಲ್ಲ. "ಹೋಗಿ ಬಾಮ್ಮ. ತಿಂಗಳು ಬೇಕಾದ್ರೂ ಇದ್ದು ಬಾ. ಇಲ್ಲಿ ಏನೂ ನಿಲ್ಲಲ್ಲ," ಎಂದರು.

ಅದಕ್ಕೇ ಈ ಸಲ ನಾನು ಬರುವುದಿಲ್ಲ, ಅಕ್ಕ. ಕಲ್ಲು ಮನಸ್ಸಿನವಳು ಎಂದರೂ ಸರಿ. ರಾತ್ರಿ ಜೊತೆಗಿರಲು ಭಾವನ ತಂಗಿಯನ್ನು ಕರೆಸಿಕೋ.

ಮಗುವಿನ ಪಾದಕ್ಕೆ ನನ್ನ ಮುತ್ತು. ನಿನ್ನ ಬುದ್ಧಿ ಕಲಿತು ಬೆಳೆಯಲಿ, ಚಿಕ್ಕಮ್ಮನದು ಬೇಡ.

ನಿನ್ನ ತಂಗಿ

ಇನ್ನೊಂದು ಮಾತು: ನನ್ನ ಮೊಣಕೈ ತಾಗಿದಾಗಲೆಲ್ಲ ಮಾಸ್ಟರ್ "ಸರ್ಕೊಳ್ಳೇ ಕತ್ತೆ" ಎಂದು ಬಯ್ಯುತ್ತಿದ್ದರು. ಅಪ್ಪ ಹೋದ ಮೇಲೆ ನನ್ನನ್ನು ಹಾಗೆ ಬಯ್ದವರು ಅವರೊಬ್ಬರೇ. ಈಗ ಅಮ್ಮ ಅಮ್ಮ ಎಂದು ಮರ್ಯಾದೆ ಕೊಟ್ಟು ಮಾತಾಡಿಸುತ್ತಾರೆ. ಇವತ್ತು ಬೆಳಿಗ್ಗೆ ಎದ್ದವಳೇ ಹಳೆಯ ದಿಂಬಿನ ಚೀಲ ತೆಗೆದು, ಎಡಗೈಯಲ್ಲಿ ಸೂಜಿ ಹಿಡಿದು ಒಂದು ಕಾಜಾ ಹಾಕಿದೆ.