ಹಣೆಯ ಮೇಲೊಂದು ಸುಕ್ಕು

೧೧ ನವೆಂಬರ್ ೨೦೦೮, ಮಂಗಳವಾರ. ಏಕಸಂಬಿ.

ಕ್ಯಾನ್ವಾಸ್ ಬಿಗಿಯುವುದರಲ್ಲಿ ಇವತ್ತು ನಾನೇ ತಪ್ಪಿದೆ. ಮೊದಲು ಚೌಕಟ್ಟಿನ ನಾಲ್ಕೂ ಪಟ್ಟಿಗಳ ನಟ್ಟನಡುವೆ ಒಂದೊಂದು ಮೊಳೆ, ಮೂಲೆಗಳು ಕೊನೆಗೆ. ಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳಿಕೊಡುವ ಪಾಠ ಅದು. ಆದರೂ ಮೂಲೆಯಿಂದಲೇ ಹೊಡೆಯುತ್ತ ಹೋದೆ. ಎಳೆದಷ್ಟೂ ಬಟ್ಟೆ ಓರೆಯಾಗಿ, ಮುಖ ಬರೆಯಬೇಕಾದ ಜಾಗದಲ್ಲೇ ಉದ್ದನೆಯ ಸುಕ್ಕು ನಿಂತಿತು.

ನನ್ನ ತಮ್ಮ ಬಾಳು ತೀರಿಹೋಗಿ ಹದಿನೆಂಟು ದಿನ. ಇಪ್ಪತ್ತೊಂದು ವರ್ಷದವನು. ನನಗಿನ್ನೂ ಅಳು ಬಂದಿಲ್ಲ. ಅವನ ಚಿತ್ರ ದೊಡ್ಡದಾಗಿ ಬೇಕೆಂದು ನಮ್ಮನ್ನು ಹೆತ್ತ ಆಯಿ ಕೇಳಿದ್ದಳು. ಇರುವುದು ಕಾಲೇಜಿನ ಐಡಿ ಕಾರ್ಡಿನ ಫೋಟೊ ಒಂದೇ.

ಮಧ್ಯಾಹ್ನ ಚಹಾ ತಂದವಳು ಬೆರಳಿನಿಂದ ಆ ಸುಕ್ಕನ್ನು ಸವರಿದಳು.

"ಇದು ಎಲ್ಲಿ ಬರತೈತೋ, ವಿಕ್ರಾಂತಾ?"

"ಹಣೀ ಮ್ಯಾಲ. ಮೊಳಿ ಕಿತ್ತು ಮತ್ತ ಎಳಿತೇನಿ, ಆಯಿ."

"ಬ್ಯಾಡ, ಇರಲಿ ಬಿಡು," ಎಂದಳು. "ನಮ್ಮ ಬಾಳೂಗ ವಯಸ್ಸಾದಂಗ ಕಾಣತೈತಿ."

ಇಕ್ಕಳ ಕೈಯಲ್ಲೇ ಇತ್ತು. ಚಹಾ ಕುಡಿದೆ. ಸಕ್ಕರೆ ಹಾಕಿದ್ದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಉಳಿದ ಮೊಳೆಗಳನ್ನು ಒಂದೊಂದಾಗಿ, ಮೆಲ್ಲಗೆ ಹೊಡೆದೆ, ಸುಕ್ಕು ಹೋಗದ ಹಾಗೆ.