ಅಮರಪ್ಪನ ಬಂದೂಕಿಗೆ ಜಾಮೀನು

ಕೊಪ್ಪಳ
ಗುರುವಾರ, ೧೯ ಮೇ ೧೯೪೯

ಚಿ. ಸೌ. ಶೇಖರಮ್ಮಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಕ್ಷೇಮವನ್ನು ರೂಢಿಗಾಗಿ ಕೇಳಿ ಮುಂದೆ ಹೋಗುವ ಹಾಗೆ ಈ ಸಲ ಇಲ್ಲ. ಕಾರ್ಖಾನೆಯ ಎಂಜಿನ್ನು ಕೆಟ್ಟಾಗ ನಾನು ಕಂಡದ್ದನ್ನೆಲ್ಲ ಮೊದಲು ಕ್ರಮವಾಗಿ ಬರೆದಿಟ್ಟುಕೊಂಡು, ಊಹೆಯನ್ನು ಆಮೇಲೆ ಮಾಡುತ್ತೇನೆಂಬುದು ನಿನಗೆ ಗೊತ್ತು. ಇಲ್ಲಿಯೂ ಹಾಗೆಯೇ ಮಾಡುತ್ತೇನೆ.

೧. ಕಳೆದ ವರ್ಷ ಹಿಂದುಸ್ಥಾನದ ಸೈನ್ಯ ಬಂದ ಮೇಲೆ, ಪರವಾನಗಿ ಇದ್ದವರೂ ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ನಿನ್ನ ಗಂಡ ಅಮರಪ್ಪ ತನ್ನ ಒಂಟಿನಳಿಗೆಯ ಬಂದೂಕನ್ನು ಗಂಗಾವತಿ ಠಾಣೆಗೆ ಒಪ್ಪಿಸಿದ.

೨. ಈಗ ಅವುಗಳನ್ನು ಹಿಂದಿರುಗಿಸುತ್ತಿದ್ದಾರೆ. ಅದಕ್ಕೆ ಮೊದಲು ಮಾಲೀಕನ ಚಾಲಚಲನದ ವಿಚಾರಣೆಯಾಗಬೇಕು. ಇಬ್ಬರು ಮರ್ಯಾದಸ್ಥರು ಅವನ ನಡತೆಗೆ ಜಾಮೀನು ನಿಲ್ಲಬೇಕು.

೩. ತುಕ್ಕು ಹಿಡಿದ ಬಂದೂಕನ್ನು ಹಾಗೆಯೇ ಕೊಟ್ಟರೆ ಅಪಾಯವೆಂದು ಠಾಣೆಯ ಹೊಸ ಅಧಿಕಾರಿ ಅಮೀನಸಾಹೇಬರು ನನ್ನನ್ನು ಪರೀಕ್ಷೆಗೆ ಕರೆಸಿದರು. ಠಾಣೆಯಲ್ಲಿ ಕಬ್ಬಿಣದ ಕೆಲಸ ತಿಳಿದವರಿಲ್ಲ. ಹತ್ತಿಯ ಜಿನ್ನಿಂಗ್ ಕಾರ್ಖಾನೆಗೆ ರಜೆ ಹಾಕಿ ಹೋದೆ.

೪. ಅಮರಪ್ಪ ಹೆಸರಿಸಿದ ಇಬ್ಬರು ಜಾಮೀನುದಾರರಲ್ಲಿ ನಾನೊಬ್ಬ.

೫. ಅವನ ಬಂದೂಕಿನ ನಳಿಗೆ ಸರಿಯಾಗಿದೆ, ಕುದುರೆ ಸರಿಯಾಗಿದೆ. ಹೆಗಲಿಗೆ ಆನಿಸುವ ಮರದ ಹಿಡಿ ಮಾತ್ರ ಸೀಳಿದೆ. ಸೀಳಿನೊಳಗೆ ಒಂದು ಬಳೆಯ ಚೂರು ಸಿಕ್ಕಿಕೊಂಡಿದೆ. ಹಸಿರು ಗಾಜು, ಅದರ ಮೇಲೆ ಬಂಗಾರದ ಬಣ್ಣದ ಎಳೆ.

ಆ ಬಳೆಗಳನ್ನು ಹೋದ ಪಂಚಮಿಗೆ ನೀನು ತವರಿಗೆ ಬಂದಾಗ ನಾನೇ ಪೇಟೆಯಿಂದ ತಂದದ್ದು. ಎಳೆ ಇದ್ದದ್ದು ಬೇಡ, ತುಟ್ಟಿ ಎಂದು ನೀನು ಅಂದಿದ್ದೆ. ನೀನು ಹೊಳೆಯ ನಡುಗಡ್ಡೆಗೆ ಮರಳಿದ ಶ್ರಾವಣದಲ್ಲಿಯೇ, ಹೊಳೆಯ ಮೆಟ್ಟಿಲ ಮೇಲೆ ಜಾರಿ ನಿನ್ನ ಎಡಗೈ ಮುರಿಯಿತೆಂದು ಅಮರಪ್ಪ ಹೇಳಿಕಳಿಸಿದ. ಆಗ ಹೊಳೆ ತುಂಬಿತ್ತು. ನಾವು ಬಂದು ನೋಡಲಾಗಲಿಲ್ಲ.

ಚೂರನ್ನು ಕಂಡಾಗ ಇಕ್ಕಳವನ್ನು ಕೆಳಗಿಟ್ಟು ನೀರು ಕುಡಿದು ಬಂದೆ. ಅದನ್ನು ಕೀಳಲಿಲ್ಲ. ಅದು ಇದ್ದಲ್ಲಿಯೇ ಇದೆ.

ಒಂದು ಚೂರಿನಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗೂಟದಿಂದ ಬಂದೂಕನ್ನು ಇಳಿಸುವಾಗಲೂ ಬಳೆ ತಗುಲಿ ಒಡೆಯಬಹುದು. ಆದ್ದರಿಂದ ಹಿಡಿ ಸೀಳಿದ್ದು ಹೇಗೆಂದು ಅಮರಪ್ಪನನ್ನೇ ಕೇಳಿದೆ. ಠಾಣೆಯ ಬೇವಿನ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹರಿಗೋಲಿನಿಂದ ಇಳಿಯುವಾಗ ಬಂಡೆಯ ಮೇಲೆ ಬಿತ್ತೆಂದ. ಬಂಡೆಯ ಮೇಲೆ ಬಿದ್ದ ಮರಕ್ಕೆ ತರಚು ಇರಬೇಕು. ಇದಕ್ಕೆ ಇಲ್ಲ. ನಾನು ಅವನ ಮುಖವನ್ನೇ ನೋಡಿದೆ. ಅವನು ನಕ್ಕು, "ಮಾವಾರ, ಬಂದೂಕ ನೋಡಾಕ ಬಂದೀರೋ ನನ್ನ ನೋಡಾಕ ಬಂದೀರೋ? ನನ್ನ ಆಗ ನೋಡೇ ಮಗಳ್ನ ಕೊಟ್ಟೀರಲ್ರಿ" ಎಂದ.

ವಿಚಾರಣೆ ಹೇಗೆ ನಡೆಯಿತೆಂದು ನೀನು ತಿಳಿಯಬೇಕು. ಕುಡಿಯುತ್ತಾನೆಯೇ, ಸೈನ್ಯ ಬರುವ ಮೊದಲಿನ ಗದ್ದಲದ ಕಾಲದಲ್ಲಿ ಯಾರ ಜೊತೆ ಸೇರಿದ್ದ, ಗದ್ದೆಯ ಬದುವಿಗೆ ಯಾರೊಡನೆ ಜಗಳವಿದೆ ಎಂದು ಅಮೀನಸಾಹೇಬರು ಒಬ್ಬೊಬ್ಬರನ್ನೇ ಕೇಳಿದರು. ನಿಮ್ಮ ಪಕ್ಕದ ಗದ್ದೆಯ ಹನುಮಣ್ಣ ಕೈಮುಗಿದು, "ಭಾಳ ಛಲೋ ಮನಷ್ಯಾ ಅದಾನ್ರಿ ಸಾಹೇಬ್ರ. ಹಂದಿ ಬಿಟ್ರ ಯಾರಿಗೂ ಗುಂಡ ಹಾಕಿಲ್ರಿ, ಹಂದಿಗೂ ಭಾಳ ಸಲ ತಾಗಿಲ್ರಿ" ಎಂದಾಗ ಎಲ್ಲರೂ ನಕ್ಕರು. ಹನುಮಣ್ಣ ಸುಳ್ಳು ಹೇಳಲಿಲ್ಲ. ಅವನನ್ನು ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರವನ್ನೇ ಕೊಟ್ಟ. ಮನೆಯೊಳಗಿನ ವರ್ತನೆಯನ್ನೂ ವಿಚಾರಿಸುವುದುಂಟೆ ಎಂದು ನಾನು ಕೇಳಿದೆ. ಅಮೀನಸಾಹೇಬರು ತಲೆಯೆತ್ತಿ, "ಹೊಸ್ತಿಲದೊಳಗಿಂದು ನಮಗ್ಯಾರು ಹೇಳ್ತಾರ್ರಿ? ಹೇಳಿದ್ರ ಕೇಳ್ತೇವಿ" ಎಂದರು. ನನ್ನ ಜಾಮೀನಿಗೆ ಬರುವ ಗುರುವಾರದ ಗಡುವು ಕೊಟ್ಟರು.

ನಿನ್ನ ಪತ್ರವೂ ಬಂತು. ಜಾಮೀನು ನಿಲ್ಲಬೇಕೆಂದು, ಬಂದೂಕಿಲ್ಲದೆ ಹಂದಿಗಳು ಭತ್ತವನ್ನು ಉಳಿಸುವುದಿಲ್ಲವೆಂದು, ನೆರೆಯವರೆದುರು ಮನೆತನದ ಮರ್ಯಾದೆ ಹೋಗುವುದೆಂದು ಬರೆದಿದ್ದೀ. ಅಕ್ಷರ ನಿನ್ನದೇ. ಆದರೆ ನೀನು ನನಗೆ ಬರೆದ ಯಾವ ಕಾಗದದಲ್ಲಿಯೂ "ನನ್ನ ತಮ್ಮ ಎಂಜಿನಪ್ಪ ಹೇಗಿದ್ದಾನೆ, ಕೆಮ್ಮು ಕಡಿಮೆಯಾಯಿತೇ" ಎಂದು ಕೇಳದೆ ಬಿಟ್ಟವಳಲ್ಲ. ನೀನು ಹೀಗೆ ಹೆಸರಿಟ್ಟ ನನ್ನ ಕಾರ್ಖಾನೆಯ ಎಂಜಿನ್ನಿನ ಸುದ್ದಿಯೇ ಈ ಪತ್ರದಲ್ಲಿ ಇಲ್ಲ. ನೀನು ಬರೆಯುವಾಗ ಪಕ್ಕದಲ್ಲಿ ಯಾರೋ ನಿಂತಿದ್ದರೆಂದು ತಿಳಿದೆ.

ಇವತ್ತು ಆನೆಗೊಂದಿಯ ಬಳೆಗಾರ್ತಿ ರಾಜಾಬೀ ಸಗಟು ಬಳೆ ಕೊಳ್ಳಲು ಕೊಪ್ಪಳಕ್ಕೆ ಬಂದವಳು, ನಿನ್ನ ತಾಯಿಗೆ ಬಳೆ ಏರಿಸಲು ನಮ್ಮಲ್ಲಿಗೂ ಬಂದಳು. ನಿನ್ನನ್ನು ಯಾವಾಗ ನೋಡಿದಳೆಂದು ಕೇಳಿದೆ. ಅವಳು ಬಳೆಗಳನ್ನು ದಾರಕ್ಕೆ ಪೋಣಿಸುತ್ತಲೇ ಇದ್ದಳು. "ಉಗಾದಿಗೆ ಹೋಗಿದ್ದೆರಿ. ಬಲಗೈ ಅಷ್ಟ ಕೊಟ್ರು ಅಕ್ಕಾರು. ಎಡಗೈ ಸೆರಗಿನಾಗ ಇತ್ತು. ಒಂದ ಕೈಗೆ ಬಳಿ ಹಾಕೂದು ಅಪಶಕುನರೀ ಅಂದೆ. ಅಮರಪ್ಪಗೌಡ್ರು ಬಾಗಲದಾಗ ನಿಂತಿದ್ರು, ‘ನೀ ಬಳಿ ಮಾರಾಕ ಬಂದೀಯೋ ಪಂಚಾಂಗ ಹೇಳಾಕ ಬಂದೀಯೋ’ ಅಂದ್ರು. ಅಕ್ಕಾರು ನಕ್ಕರ್ರಿ. ಅಂಜಿಕೊಂಡು ನಕ್ಕಂಗ ನಕ್ಕರು."

ನಿನ್ನ ತಾಯಿ ಕಳಕಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅವಳ ಸಂಕಟ ನಿನಗೂ ಗೊತ್ತು: ಅಮರಪ್ಪ ಅವಳ ಒಡಹುಟ್ಟಿದವನು, ಅವಳೇ ಎತ್ತಿ ಆಡಿಸಿದವನು. ಮಗಳು ಹೊರಗಿನವರ ಪಾಲಾಗಬಾರದೆಂದು ಸೋದರಮಾವನಿಗೇ ಕೊಟ್ಟೆವು. ನಿನ್ನೆ ಅವಳು, "ಒಂದು ಸಹಿ ಮಾಡಾಕ ಇಷ್ಟ್ಯಾಕ ತಿಣಕ್ತೀರಿ? ನಿಮಗ ಅಳಿಯ ಆಗೂಕ್ಕಿಂತ ಮೊದಲ ಅಂವ ನನಗ ತಮ್ಮ" ಎಂದು ಮುನಿದು ಊಟ ಬಿಟ್ಟಿದ್ದಳು. ಚೂರಿನ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ.

ನನಗೊಂದು ಸುಲಭದ ದಾರಿ ಇತ್ತೆಂಬುದನ್ನೂ ಬರೆಯಬೇಕು. ನಳಿಗೆ ಸವೆದಿದೆ, ಬಂದೂಕು ಉಪಯೋಗಕ್ಕೆ ಯೋಗ್ಯವಲ್ಲ ಎಂದು ಪರೀಕ್ಷೆಯ ವರದಿಯಲ್ಲಿ ಒಂದು ಸಾಲು ಬರೆದರೆ ಯಾರ ಮುಖವೂ ಕೆಡುತ್ತಿರಲಿಲ್ಲ. ಆದರೆ ನಳಿಗೆ ಸವೆದಿಲ್ಲ. ಅಮರಪ್ಪ ಬೇರೆ ಪರೀಕ್ಷಕನನ್ನು ತಂದರೆ ನನ್ನ ಮಾತು ನಿಲ್ಲುವುದಿಲ್ಲ. ಆಮೇಲೆ ನಾನು ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಜಾಮೀನು ನಿಲ್ಲದ ಕಾರಣವನ್ನು ಠಾಣೆಯಲ್ಲಿ ಹೇಳಿದರೆ ಅವನ ಸಿಟ್ಟು ಮೊದಲು ಇಳಿಯುವುದು ನಿನ್ನ ಮೇಲೆ. ನೀನಿರುವುದು ನಡುಗಡ್ಡೆ. ಮಳೆ ಹಿಡಿದು ಹೊಳೆ ಬಂದರೆ ಹರಿಗೋಲು ನಿಲ್ಲುತ್ತದೆ. ಹೋದ ಶ್ರಾವಣದ ಹಾಗೆ ನಾನು ಈಚೆ ದಂಡೆಯಲ್ಲಿ ನಿಂತಿರಬೇಕಾಗುತ್ತದೆ. ನನಗೆ ಇರುವ ಭಯ ಇದೊಂದೇ.

ಆದ್ದರಿಂದ ಹೀಗೆ ಮಾಡು. ಸೋಮವಾರ ನೀನು ಎಂದಿನಂತೆ ಹೊಳೆ ದಾಟಿ ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಹೋಗು. ಹಣ್ಣುಕಾಯಿಯ ಬುಟ್ಟಿಯ ಹೊರತು ಏನನ್ನೂ ತರಬೇಡ. ಗಂಟು ಕಟ್ಟಿದರೆ ಕಣ್ಣಿಗೆ ಬೀಳುತ್ತದೆ. ನಾನು ಹೊಸಪೇಟೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಗಾಡಿ ಮಾಡಿಕೊಂಡು, ಹರಿಗೋಲು ನಿಲ್ಲುವ ದಂಡೆಯಲ್ಲಿ ಕಾದಿದ್ದು ನಿನ್ನನ್ನು ತವರಿಗೆ ಕರೆತರುತ್ತೇನೆ. ನಿನ್ನ ಕೈ ಹೇಗೆ ಮುರಿಯಿತೆಂದು ನಾನು ಅಲ್ಲಿಯೂ ಕೇಳುವುದಿಲ್ಲ. ಹೇಳಬೇಕೆನಿಸಿದಾಗ ಹೇಳು. ಹೊಳೆಯ ಮೆಟ್ಟಿಲೇ ನಿಜವಾಗಿದ್ದರೆ, ಮಳೆಗಾಲ ತವರಿನಲ್ಲಿ ಕಳೆದೆ ಎಂದಷ್ಟೇ ಆಗುತ್ತದೆ. ನಾನು ಅಮರಪ್ಪನ ಕ್ಷಮೆ ಕೇಳುತ್ತೇನೆ.

ಈ ಪತ್ರವನ್ನು ಟಪಾಲಿಗೆ ಹಾಕುತ್ತಿಲ್ಲ. ರಾಜಾಬೀ ಬಳೆ ಏರಿಸುವ ನೆಪದಲ್ಲಿ ನಿನ್ನ ಕೈಗೇ ಕೊಡುತ್ತಾಳೆ. ಓದಿದ ಕೂಡಲೇ ಒಲೆಗೆ ಹಾಕು.

ಎಂಜಿನಪ್ಪ ಆರೋಗ್ಯವಾಗಿದ್ದಾನೆ. ಕೆಮ್ಮು ಹಾಗೆಯೇ ಇದೆ.

ಇಂತಿ ನಿನ್ನ ತಂದೆ,
ವಿರೂಪಾಕ್ಷಪ್ಪ

ತಾ. ಕ.: ಇಲ್ಲಿಯವರೆಗೆ ಬರೆದದ್ದನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಬಳೆಯ ಚೂರಿನ ಮಾತು ಬಂದಾಗ, ಎಳೆ ಇದ್ದ ಬಳೆಯೇ ಎಂದು ಎರಡು ಸಲ ಕೇಳಿದಳು. ಆಮೇಲೆ ಎದ್ದು ಒಲೆಯ ಹತ್ತಿರ ಹೋದಳು. ಈಗ ಒಳಗೆ ರಾಜಾಬೀಗೆ ರೊಟ್ಟಿ ಬಡಿಸುತ್ತ, "ದಂಡಿ ಮ್ಯಾಲೆ ನಾನೂ ಬರ್ತೀನಿ. ಅಂವ ಬೆನ್ನ ಹತ್ತಿ ಬಂದ್ರ ನಿಮ್ಮ ಮಾತ ಕೇಳಂಗಿಲ್ಲ. ಅವಗ ನಾನ ಹೇಳಬೇಕು" ಎಂದಳು. ಸೋಮವಾರ ದಂಡೆಯಲ್ಲಿ ನಾವಿಬ್ಬರೂ ಇರುತ್ತೇವೆ.

ನೀನು ಬಂದರೂ ಬಾರದಿದ್ದರೂ ಅಮರಪ್ಪನಿಗೆ ನಾನು ಜಾಮೀನು ನಿಲ್ಲುವುದಿಲ್ಲ. ಕಾರಣವನ್ನು ಅಮೀನಸಾಹೇಬರಿಗೆ ಹೇಳುವುದು ನೀನು ಈಚೆ ದಂಡೆಗೆ ಬಂದ ಮೇಲೆ.