ಮಗ ತಿರುಗಿಸಿ ಹೇಳದ ಪ್ರಶ್ನೆ

ಲಿವರ್‌ಪೂಲ್, ಸಿಡ್ನಿ
9 ಜೂನ್ 2024, ಭಾನುವಾರ

ಪ್ರೀತಿಯ ವಸಂತಾ,

ನಿನ್ನ ಮಂಡಿನೋವು ಹೇಗಿದೆ? ಮೆಲ್ಬರ್ನ್ ಚಳಿ ನಮ್ಮ ಸಿಡ್ನಿಗಿಂತ ಕೆಟ್ಟದ್ದು, ವಾಕಿಂಗಿಗೆ ಹೋಗುವಾಗ ಕಾಲುಚೀಲ ಎರಡು ಜೊತೆ ಹಾಕಿಕೋ. ಗ್ಲೆನ್ ವೇವರ್ಲಿಯಲ್ಲಿ ನಿಖಿತಾ, ಅಳಿಯ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಫೋನಿರುವಾಗ ಅಕ್ಕ ಯಾಕೆ ಕಾಗದ ಬರೆದಳು ಎಂದುಕೊಳ್ಳುತ್ತೀಯ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಮಗಳು ಪಕ್ಕದಲ್ಲೇ ಇರುತ್ತಾಳೆ. ಇದು ನಿನಗೆ ಮಾತ್ರ. ಓದಿ ಹರಿದು ಹಾಕು.

ನಿನ್ನ ಭಾವ ಹೋಗಿ ಹದಿನಾಲ್ಕು ತಿಂಗಳಾಯಿತು. ಡೈರಿ ಬರೆಯುವುದನ್ನು ಬಿಟ್ಟಿಲ್ಲ, ಬರೆಯಲು ಹೆಚ್ಚೇನೂ ಇರುವುದಿಲ್ಲ. ಮೊನ್ನೆ ಮರೆತು ಅವರ ಬಸ್ ಕಾರ್ಡನ್ನೇ ತಟ್ಟಿ ಬಸ್ಸು ಹತ್ತಿದ್ದೆ. ಅಂದಿನ ಪುಟದಲ್ಲಿ ಅದೊಂದೇ ಸಾಲು ಇದೆ.

ನಾನು ಇಳಿದುಹೋಗಿದ್ದು ನಿನಗೆ ಗೊತ್ತಿದೆ. ಹತ್ತು ಕಿಲೋ. ಎರಡು ಸಲ ಸರ್ಪಸುತ್ತು ಆಯಿತು, ಕೆಮ್ಮು ಬಿಡಲಿಲ್ಲ. ದುಃಖದಿಂದ ಎಂದು ಎಲ್ಲರೂ ಹೇಳಿದರು, ನಾನೂ ಹಾಗೇ ತಿಳಿದೆ. ನನ್ನ ಇಂಗ್ಲಿಷ್ ಏಳನೇ ಕ್ಲಾಸಿನದು, ಆದ್ದರಿಂದ ಸುದರ್ಶನ್ ನಾರ್ತ್ ಸಿಡ್ನಿ ಆಫೀಸಿಗೆ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಡಾಕ್ಟರು ಒಂದು ಉದ್ದನೆಯ ಪ್ರಶ್ನೆ ಕೇಳುತ್ತಿದ್ದರು. ಇವನು ನನ್ನ ಕಡೆ ತಿರುಗಿ, "ಅಮ್ಮಾ, ಶುಗರ್ ಇದೆಯಾ ಅಂತ ಕೇಳ್ತಿದ್ದಾರೆ," ಎನ್ನುತ್ತಿದ್ದ. ನಾನು ಇಲ್ಲ ಎನ್ನುತ್ತಿದ್ದೆ. ಇವನು ಅವರಿಗೆ, "ನೋ ನೋ ಡಾಕ್ಟರ್, ನಥಿಂಗ್ ಲೈಕ್ ದಟ್," ಎನ್ನುತ್ತಿದ್ದ. ಮೂರು ಸಲ ಹೀಗಾಯಿತು. ಅಷ್ಟುದ್ದದ ಪ್ರಶ್ನೆ ಕನ್ನಡದಲ್ಲಿ ಯಾಕೆ ಇಷ್ಟು ಗಿಡ್ಡವಾಯಿತು, ಇವನ ಕಿವಿ ಯಾಕೆ ಕೆಂಪಾಯಿತು ಎಂದು ನಾನು ಕೇಳಲಿಲ್ಲ.

ಫೆಬ್ರವರಿಯಲ್ಲಿ ಅವನಿಗೆ ಮೀಟಿಂಗ್ ಬಂದು ನಾನೊಬ್ಬಳೇ ಹೋದೆ. ಡಾಕ್ಟರು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಒಬ್ಬ ಹೆಂಗಸನ್ನು ಫೋನಿನಲ್ಲಿ ಗೊತ್ತುಮಾಡಿಕೊಟ್ಟರು. ಇಲ್ಲಿ ಕೇಳಿದರೆ ಹಾಗೆ ಕೊಡುತ್ತಾರಂತೆ, ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹುಬ್ಬಳ್ಳಿ ಕಡೆಯ ದನಿ. "ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾರ, ಡಾಕ್ಟರ್ ಕೇಳಿದ್ದನ್ನ ಹೇಳಾಕತ್ತೀನಿ," ಎಂದು ಶುರು ಮಾಡಿ, ಯಜಮಾನರ ಜೊತೆ ಸಂಬಂಧ ಯಾವಾಗಿನವರೆಗೆ ಇತ್ತು, ಅವರಿಗೆ ಬೇರೆ ಕಡೆ ಇತ್ತೇ, ಎಚ್‌ಐವಿ ಪರೀಕ್ಷೆ ಯಾವತ್ತಾದರೂ ಆಗಿದೆಯೇ ಎಂದು ಒಂದೊಂದಾಗಿ ಕೇಳಿದಳು. ವೀಸಾಕ್ಕೆ ಆಗಿತ್ತು, ಇಬ್ಬರದೂ ಸರಿಯಿತ್ತು ಎಂದೆ. ಅದು ಒಂಬತ್ತು ವರ್ಷದ ಹಿಂದಿನ ಮಾತಲ್ಲವೇ ಎಂದು ಡಾಕ್ಟರು ಕೇಳಿಸಿದರು. ಆಮೇಲೆ ನಿನ್ನ ಭಾವ ಪ್ರತಿವರ್ಷ ಮೈಸೂರಿಗೆ ಹೋಗಿ ನಾಲ್ಕು ತಿಂಗಳು ಒಬ್ಬರೇ ಇದ್ದು ಬರುತ್ತಿದ್ದರು. ಮಿಕ್ಕಿದ್ದು ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.

ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಬಂತು. ದಿನಕ್ಕೊಂದು ಮಾತ್ರೆ, ತಿಂಡಿಯ ಜೊತೆ. ಈಗ ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿದೆಯಂತೆ, ನಾಲ್ಕು ಕಿಲೋ ಏರಿದ್ದೇನೆ. ತಟ್ಟೆ ಲೋಟದಿಂದ, ಮಕ್ಕಳನ್ನು ಮುದ್ದಿಸುವುದರಿಂದ ಹರಡುವ ಕಾಯಿಲೆಯಲ್ಲ, ಹೆದರಬೇಡ. ಸುದರ್ಶನನಿಗೆ ಹೇಳಿದ್ದೇನೆ. ಅವನು ಬಹಳ ಹೊತ್ತು ಕಾರಿನಲ್ಲೇ ಕೂತಿದ್ದ. ಅವನ ಮೇಲೆ ನನಗೆ ಕೋಪವಿಲ್ಲ, ಯಾವ ಮಗ ತಾಯಿಯ ಹತ್ತಿರ ಅದನ್ನು ಕೇಳಿಯಾನು? ನಿನ್ನ ಭಾವ ನ್ಯುಮೋನಿಯಾ ಎಂದು ಆಸ್ಪತ್ರೆಯಲ್ಲಿದ್ದಾಗಲೂ ಅವನೇ ತಿರುಗಿಸಿ ಹೇಳುತ್ತಿದ್ದ. ಅಲ್ಲಿಯೂ ಈ ಪ್ರಶ್ನೆ ಬಂದಿತ್ತೇ ಎಂದು ನಾನು ಕೇಳಿಲ್ಲ. ನೀನೂ ಕೇಳಬೇಡ.

ಮುಂದಿನ ತಿಂಗಳು ನಿನ್ನ ಮದುವೆ ರಿಜಿಸ್ಟರ್ ಆಗುತ್ತದೆ. ಒಂಟಿಯಾಗಿ ಹನ್ನೊಂದು ವರ್ಷ ಕಳೆದವಳು ನೀನು, ನನಗೆ ನಿಜವಾಗಿ ಸಂತೋಷವಾಗಿದೆ. ಚಂದ್ರಶೇಖರ್ ಅವರು ಒಳ್ಳೆಯವರಂತೆ ಕಾಣುತ್ತಾರೆ. ಹಸಿರು ರೇಷ್ಮೆ ಸೀರೆಯನ್ನು ನಿನಗೆಂದು ತೆಗೆದಿಟ್ಟಿದ್ದೇನೆ, ಬರುವಾಗ ತರುತ್ತೇನೆ. ಅವರಿಗೆ ನಮಸ್ಕಾರ ತಿಳಿಸು, ಮೊಮ್ಮಕ್ಕಳಿಗೆ ಮುತ್ತು ಕೊಡು. ನೂರು ವರ್ಷ ಸುಖವಾಗಿ ಬಾಳು.

ನಿನ್ನ ಅಕ್ಕ
ಅರುಂಧತಿ

ಮರೆತ ಮಾತು: ಸುಮ್ಮನೆ ಮರೆತೆ ಎಂದು ಬರೆದೆ, ಇದಕ್ಕೇ ಕಾಗದ ಹಿಡಿದದ್ದು. ಹೋದ ಸಲ ಫೋನಿನಲ್ಲಿ ನೀನು, "ಈ ವಯಸ್ಸಲ್ಲಿ ಇನ್ನೇನು ಭಯಾನೇ ಅಕ್ಕ, ಬಸುರಿ ಆಗ್ಬಿಡ್ತೀನಾ?" ಎಂದು ನಕ್ಕೆಯಲ್ಲ, ನಾನೂ ನಕ್ಕೆ. ಮದುವೆಗೆ ಮೊದಲು ನೀವಿಬ್ಬರೂ ರಕ್ತಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಬೇಡ. ಪಿಆರ್ ವೀಸಾದ ಮೆಡಿಕಲ್ ಆಗಿದೆಯೆಂದು ಚಂದ್ರಶೇಖರ್ ಅವರು ಹೇಳಿದರೆ ಒಪ್ಪಬೇಡ, ನಮ್ಮದೂ ಆಗಿತ್ತು. ನಿಖಿತಾಳನ್ನು ಕರೆದುಕೊಂಡು ಹೋಗಬೇಡ, ಫೋನಿನ ಹೆಂಗಸನ್ನು ಕೇಳು. ಡಾಕ್ಟರು ಆ ಪ್ರಶ್ನೆ ಕೇಳದಿದ್ದರೆ ನೀನೇ ಎತ್ತು. ಚಂದ್ರಶೇಖರ್ ಅವರ ಹತ್ತಿರ ಮಾತು ತೆಗೆಯಲು ನಾಚಿಕೆಯಾದರೆ ಈ ಕಾಗದ ಹರಿಯಬೇಡ, ಅವರ ಕೈಗೆ ಕೊಡು. ನನ್ನ ಹೆಸರಿದ್ದರೆ ಇರಲಿ.